ಬಟನ್ ಒತ್ತುವಷ್ಟರಲ್ಲಿ ಸಾಲು ಬದಲಾದರೆ

ಪೈಥಾನ್‌ನಲ್ಲಿ ಬರೆದ ಒಂದು ಪುಟ್ಟ ಸಿಸ್ಟಮ್ ಮಾನಿಟರ್ ನನ್ನ ಬಳಿ ಇದೆ. ಸಿಪಿಯು ಎಷ್ಟು ದುಡಿಯುತ್ತಿದೆ, ಮೆಮೊರಿ ಎಷ್ಟು ತುಂಬಿದೆ, ಯಾವ ಪ್ರೋಸೆಸ್ (ಓಡುತ್ತಿರುವ ಪ್ರೋಗ್ರಾಂ) ಜಾಸ್ತಿ ತಿನ್ನುತ್ತಿದೆ ಎಂದು ಸೆಕೆಂಡಿಗೊಮ್ಮೆ ತೋರಿಸುತ್ತದೆ. ಮಾಹಿತಿ ತರುವುದು ಪಿಎಸ್‌ಯುಟಿಲ್, ವಿಂಡೋ ತೋರಿಸುವುದು ಟಿಕಿಂಟರ್; ಎರಡೂ ಪೈಥಾನ್ ಲೈಬ್ರರಿಗಳು. ಸುಮ್ನೆ ನೋಡಲಿಕ್ಕೆ ಇದ್ದಷ್ಟು ದಿನ ಅದರಿಂದ ಯಾವ ತೊಂದರೆಯೂ ಆಗಲಿಲ್ಲ. ಆಮೇಲೆ ಪ್ರತಿ ಸಾಲಿನ ಪಕ್ಕ ‘ನಿಲ್ಲಿಸು’ ಎಂಬ ಬಟನ್ ಸೇರಿಸಿದೆ. ಅದೇ ವಾರ ಹುಚ್ಚೆದ್ದು ಓಡುತ್ತಿದ್ದ ಒಂದು ಸ್ಕ್ರಿಪ್ಟ್ ನಿಲ್ಲಿಸಲು ಹೋಗಿ, ಅರ್ಧ ಮುಗಿದಿದ್ದ ಬ್ಯಾಕಪ್ ಅನ್ನು ನಿಲ್ಲಿಸಿಬಿಟ್ಟೆ.

ನನ್ನ ಪಟ್ಟಿ ಸಿಪಿಯು ಬಳಕೆಯ ಲೆಕ್ಕದಲ್ಲಿ ಮೇಲೆ ಕೆಳಗೆ ಆಗುತ್ತಿರುತ್ತದೆ. ಸಾಲುಗಳು ಅವೇ, ಒಳಗಿನ ಹೆಸರು ಮಾತ್ರ ಬದಲಾಗುತ್ತದೆ. ಟಿಕಿಂಟರ್ ಬಟನ್‌ನಲ್ಲಿ ಕೆಲಸ ಶುರುವಾಗುವುದು ಮೌಸ್ ಒತ್ತಿದಾಗ ಅಲ್ಲ, ಬಿಟ್ಟಾಗ. ಒತ್ತಿ ಬಿಡುವ ಆ ಚಿಕ್ಕ ಗಳಿಗೆಯಲ್ಲಿ ಪಟ್ಟಿ ಹೊಸದಾಯಿತು. ನನ್ನ ಕಣ್ಣು ಕಂಡದ್ದು ಒಂದು ಪ್ರೋಸೆಸ್, ಬಟನ್ ಓದಿಕೊಂಡದ್ದು ಇನ್ನೊಂದು.

ಹಾಗಾಗಿ ಈಗ ಸಾಲಿಗೊಂದು ಬಟನ್ ಇಡುವುದಿಲ್ಲ. ಮೊದಲು ಸಾಲನ್ನು ಆರಿಸಬೇಕು. ಆರಿಸಿದ ಪ್ರೋಸೆಸ್‌ನ ಹೆಸರು ಮತ್ತು ಪಿಐಡಿ (ಪ್ರೋಸೆಸ್‌ಗೆ ಸಿಸ್ಟಮ್ ಕೊಡುವ ನಂಬರ್) ಕೆಳಗಿರುವ ಒಂದೇ ಬಟನ್ ಮೇಲೆ ಬಂದು ಕೂರುತ್ತದೆ: ‘4127 ಬ್ಯಾಕಪ್ ನಿಲ್ಲಿಸು’. ಪಟ್ಟಿ ಎಷ್ಟು ಬೇಕಾದರೂ ಕುಣಿಯಲಿ, ಈ ಬರಹ ಅಲುಗಾಡುವುದಿಲ್ಲ. ಒತ್ತುವ ಮೊದಲು ಓದಲು ಏನೋ ಒಂದು ಸಿಗುತ್ತದೆ, ಅಲ್ವಾ?

ಪಿಐಡಿ ಒಂದನ್ನೇ ನೆನಪಿಟ್ಟರೆ ಸಾಲದು. ಪ್ರೋಸೆಸ್ ಸತ್ತ ಮೇಲೆ ಅದರ ನಂಬರನ್ನು ಕರ್ನಲ್ (ಆಪರೇಟಿಂಗ್ ಸಿಸ್ಟಮ್‌ನ ತಿರುಳು) ಮುಂದೆ ಬೇರೆಯದಕ್ಕೆ ಕೊಡಬಹುದು. ಪಿಎಸ್‌ಯುಟಿಲ್‌ನ ಪ್ರೋಸೆಸ್ ಆಬ್ಜೆಕ್ಟ್ ನಂಬರಿನ ಜೊತೆ ಶುರುವಾದ ಸಮಯವನ್ನೂ ಇಟ್ಟುಕೊಂಡಿರುತ್ತದೆ. ಸಿಗ್ನಲ್, ಅಂದರೆ ನಿಲ್ಲು ಎಂಬಂಥ ಸೂಚನೆ, ಕಳಿಸುವ ಮುನ್ನ ಇದು ಅದೇ ಪ್ರೋಸೆಸ್ಸಾ ಎಂದು ನೋಡುತ್ತದೆ, ಅಲ್ಲದಿದ್ದರೆ ಎರರ್ ಕೊಡುತ್ತದೆ. ಆದ್ದರಿಂದ ಬಟನ್‌ಗೆ ಬರೀ ನಂಬರ್ ಕೊಡಬೇಡಿ, ಆಬ್ಜೆಕ್ಟ್ ಕೊಡಿ.

ಸಾಲಿಗೊಂದು ಬಟನ್ ಬೇಕೇ ಬೇಕು ಎನ್ನುವವರಿಗೆ ಒಂದು ಎಚ್ಚರಿಕೆ. ಲೂಪ್ ಒಳಗೆ ಲ್ಯಾಂಬ್ಡಾ (ಹೆಸರಿಲ್ಲದ ಪುಟ್ಟ ಫಂಕ್ಷನ್) ಬರೆದರೆ ಅದು ಯಾವ ಪ್ರೋಸೆಸ್ ಎಂದು ಹುಡುಕುವುದು ಒತ್ತಿದ ಮೇಲೆ. ಅಷ್ಟರಲ್ಲಿ ಲೂಪ್ ಮುಗಿದಿರುತ್ತದೆ, ಎಲ್ಲ ಬಟನ್‌ಗಳೂ ಕೊನೆಯ ಪ್ರೋಸೆಸ್‌ಗೇ ಕೈಹಾಕುತ್ತವೆ. ಲ್ಯಾಂಬ್ಡಾದ ಡಿಫಾಲ್ಟ್ ಆರ್ಗ್ಯುಮೆಂಟ್ (ಬರೆಯುವಾಗಲೇ ಕೊಟ್ಟಿಡುವ ಮೌಲ್ಯ) ಆಗಿ ಆ ಆಬ್ಜೆಕ್ಟನ್ನು ಅಲ್ಲೇ ಕಟ್ಟಿಹಾಕಬೇಕು. ಇನ್ನು ಬಟನ್‌ನ ‘ಕಮ್ಯಾಂಡ್’ ಆಯ್ಕೆಗೆ ಫಂಕ್ಷನ್ ಹೆಸರು ಕೊಡುವಾಗ ಹೆಸರಿನ ಕೊನೆಗೆ ಬ್ರಾಕೆಟ್ ಹಾಕಿದರೆ ವಿಂಡೋ ತೆರೆಯುವ ಹೊತ್ತಿಗೇ ಅದು ಓಡಿಬಿಡುತ್ತದೆ. ‘ನಿಲ್ಲಿಸು’ ಬಟನ್‌ನಲ್ಲಿ ಈ ತಪ್ಪು ಆದರೆ ಏನಾಗುತ್ತದೆ ಎಂದು ಯೋಚಿಸಿ.

ನಿಲ್ಲಿಸುವುದಕ್ಕೂ ಒಂದು ಕ್ರಮ ಇದೆ. ಮೊದಲು 15ನೇ ಸಿಗ್ನಲ್, ಅಂದರೆ ಸಿಗ್‌ಟರ್ಮ್. ಪ್ರೋಗ್ರಾಂಗೆ ಫೈಲ್ ಮುಚ್ಚಿ ಹೊರಡಲು ಸಮಯ ಸಿಗುತ್ತದೆ. ಐದು ಸೆಕೆಂಡ್ ಆದರೂ ಹೋಗದಿದ್ದರೆ 9ನೇ ಸಿಗ್ನಲ್ (ಸಿಗ್‌ಕಿಲ್, ಸಮಯ ಕೊಡದೆ ಕೊಲ್ಲುವುದು) ಕಳಿಸುವ ಬಟನ್ ತೋರಿಸಬಹುದು. ಲಿನಕ್ಸ್‌ನಲ್ಲಿ ಡಿಸ್ಕ್‌ಗಾಗಿ ಕಾಯುತ್ತಾ ‘ಡಿ’ ಸ್ಥಿತಿಯಲ್ಲಿ ಸಿಕ್ಕಿಕೊಂಡ ಪ್ರೋಸೆಸ್ 9ಕ್ಕೂ ಕೂಡಲೇ ಬಗ್ಗುವುದಿಲ್ಲ. ಹಾಗಿದ್ದಾಗ ಮತ್ತೆ ಮತ್ತೆ ಒತ್ತಿ ಪ್ರಯೋಜನವಿಲ್ಲ, ಆ ಸ್ಥಿತಿಯನ್ನು ಬಳಸುವವರಿಗೆ ತೋರಿಸಿ.

ಆ ಐದು ಸೆಕೆಂಡ್ ಕಾಯುವುದು ಹೇಗೆ? ಬಟನ್‌ನ ಫಂಕ್ಷನ್ ಒಳಗೇ ಸ್ಲೀಪ್ ಹಾಕಿದರೆ ಇಡೀ ವಿಂಡೋ ನಿಂತುಹೋಗುತ್ತದೆ. ಟಿಕಿಂಟರ್‌ನಲ್ಲಿ ಚಿತ್ರ ಬಿಡಿಸುವುದು, ಕ್ಲಿಕ್ ಕೇಳುವುದು ಎಲ್ಲವೂ ಒಂದೇ ಲೂಪ್‌ನಲ್ಲಿ. ಬೇರೆ ಪ್ರೋಗ್ರಾಂ ಹೀಗೆ ನಿಂತರೆ ಬರೀ ಕಿರಿಕಿರಿ. ಮಾನಿಟರ್ ನಿಂತರೆ ಹ್ಯಾಂಗ್ ಆಗಿರುವುದು ಯಂತ್ರವೋ ವಿಂಡೋವೋ ಎಂದೇ ಗೊತ್ತಾಗುವುದಿಲ್ಲ. ಅದಕ್ಕೆ, ಇಷ್ಟು ಹೊತ್ತಿನ ಮೇಲೆ ಈ ಫಂಕ್ಷನ್ ಓಡಿಸು ಎಂದು ಟಿಕಿಂಟರ್‌ಗೆ ಹೇಳುವ ‘ಆಫ್ಟರ್’ ಬಳಸಿ, ಪ್ರೋಸೆಸ್ ಹೋಯಿತೇ ಎಂದು 200 ಮಿಲಿಸೆಕೆಂಡಿಗೊಮ್ಮೆ ಇಣುಕಿ ನೋಡಿ. ಹೊರಗಿನ ಕಮ್ಯಾಂಡ್ ಓಡಿಸುವಾಗಲೂ ಹಾಗೆಯೇ: ಪೈಥಾನ್‌ನ ಸಬ್‌ಪ್ರೋಸೆಸ್ ಮಾಡ್ಯೂಲ್‌ನ ‘ರನ್’ ಮುಗಿಯುವವರೆಗೆ ಕಾಯುತ್ತದೆ, ‘ಪಿಓಪನ್’ ಕಾಯುವುದಿಲ್ಲ. ಕೆಲಸ ನಡೆಯುತ್ತಿರುವಷ್ಟು ಹೊತ್ತು ಬಟನ್ ಅನ್ನು ಡಿಸೇಬಲ್ ಮಾಡಿಡಿ.

ಸರ್ವಿಸ್ ರೀಸ್ಟಾರ್ಟ್ ಮಾಡುವ ಬಟನ್‌ಗಾಗಿ ಇಡೀ ಮಾನಿಟರನ್ನು ರೂಟ್ (ಎಲ್ಲ ಅಧಿಕಾರವಿರುವ ಬಳಕೆದಾರ) ಆಗಿ ಓಡಿಸುವವರನ್ನು ನೋಡಿದ್ದೇನೆ. ದಯವಿಟ್ಟು ಬೇಡ. ಆ ಒಂದು ಕಮ್ಯಾಂಡ್‌ಗೆ ಮಾತ್ರ ಸುಡೋದಲ್ಲಿ (ಆರಿಸಿದ ಕಮ್ಯಾಂಡ್‌ಗಳನ್ನು ರೂಟ್ ಆಗಿ ಓಡಿಸಲು ಬಿಡುವ ಸಾಧನ) ಅನುಮತಿ ಕೊಡಿ. ಕಮ್ಯಾಂಡ್ ಅನ್ನು ಒಂದೇ ಉದ್ದ ಸಾಲಾಗಿ ಶೆಲ್‌ಗೆ (ಟೈಪ್ ಮಾಡಿದ ಕಮ್ಯಾಂಡ್ ಓದಿ ಓಡಿಸುವ ಪ್ರೋಗ್ರಾಂ) ಒಪ್ಪಿಸಬೇಡಿ, ಪದಗಳನ್ನು ಬಿಡಿಬಿಡಿಯಾಗಿ ಲಿಸ್ಟ್ ಮಾಡಿ ಕೊಡಿ. ಪ್ರೋಸೆಸ್‌ನ ಹೆಸರಿನಲ್ಲಿ ಸೆಮಿಕೋಲನ್ ಇರಬಾರದು ಎಂಬ ನಿಯಮವೇನೂ ಇಲ್ಲ. ಅಂಥ ಹೆಸರು ಶೆಲ್ ಕೈಗೆ ಸಿಕ್ಕರೆ ಸೆಮಿಕೋಲನ್ ಆಚೆ ಇರುವುದು ಇನ್ನೊಂದು ಕಮ್ಯಾಂಡ್ ಆಗಿ ಓಡುತ್ತದೆ.

ಕೊನೆಯದು ನನಗೆ ತಡವಾಗಿ ಹೊಳೆದದ್ದು. ಬಟನ್‌ನ ಫಂಕ್ಷನ್‌ನಲ್ಲಿ ಎರರ್ ಬಂದರೆ ಟಿಕಿಂಟರ್ ಅದನ್ನು ಟರ್ಮಿನಲ್‌ಗೆ ಬರೆದು ಮುಂದೆ ಹೋಗುತ್ತದೆ. ಮೆನುವಿನಿಂದ ತೆರೆದಿದ್ದರೆ ಟರ್ಮಿನಲ್ ಕಣ್ಣಿಗೇ ಬೀಳುವುದಿಲ್ಲ. ಪಟ್ಟಿ ಹೊಸದು ಮಾಡುವ ಫಂಕ್ಷನ್‌ನಲ್ಲೂ ಇದೇ ಕಥೆ. ಮುಂದಿನ ‘ಆಫ್ಟರ್’ ಕರೆ ಕೊನೆಯ ಸಾಲಿನಲ್ಲಿದ್ದು, ನಡುವೆ ಎರರ್ ಬಂದರೆ, ಆ ಕರೆ ನಡೆಯುವುದೇ ಇಲ್ಲ. ಹಳೆಯ ಅಂಕಿಗಳು ಹಾಗೇ ಉಳಿಯುತ್ತವೆ. ಬಟನ್‌ಗಳು ಮಾತ್ರ ಕೆಲಸ ಮಾಡುತ್ತಲೇ ಇರುತ್ತವೆ. ಈಗ ಆ ಕರೆಯನ್ನು, ಎರರ್ ಬಂದರೂ ಬರದಿದ್ದರೂ ಓಡುವ ‘ಫೈನಲಿ’ ಒಳಗೆ ಇಟ್ಟಿದ್ದೇನೆ, ಎರರ್ ಬಂದರೆ ವಿಂಡೋದ ಕೆಳಗೇ ಕಾಣುತ್ತದೆ. ಬೇರೆಯದೇ ಒಂದು ಟೈಮರ್ ಕೊನೆಯ ಬಾರಿ ಅಂಕಿ ಬಂದ ಸಮಯವನ್ನು ನೋಡುತ್ತಿರುತ್ತದೆ. ಮೂರು ಸೆಕೆಂಡ್ ದಾಟಿದರೆ ‘ನಿಲ್ಲಿಸು’ ಬಟನ್ ಮಂಕಾಗುತ್ತದೆ, ಹೊಸ ಅಂಕಿ ಬರುವವರೆಗೂ ಒತ್ತಲು ಬರುವುದಿಲ್ಲ.