ಹಳೆಯ ಮ್ಯಾಂಡೊಲಿನ್ ಮತ್ತು ಕೊಡಗಿನ ಮಳೆ

ಕೊಡಗಿನಲ್ಲಿ ಯಾರದೋ ಮನೆಯಲ್ಲಿ ಹಳೆಯ ಮ್ಯಾಂಡೊಲಿನ್ ಮಾರಾಟಕ್ಕಿದೆ ಎಂದು ಸುದ್ದಿ ಬಂದರೆ, ಬೆಲೆ ಕೇಳುವ ಮೊದಲು ಇದು ಯಾವ ತಿಂಗಳು ಎಂದು ನೋಡಿಕೊಳ್ಳಿ. ಕಕ್ಕಡದ, ಅಂದರೆ ಜುಲೈ-ಆಗಸ್ಟ್‌ನ ಕೊಡವ ತಿಂಗಳ, ಜಡಿಮಳೆಯಲ್ಲಿ ಕಂಡ ವಾದ್ಯ ಫೆಬ್ರುವರಿಯ ಬಿಸಿಲಿನಲ್ಲಿ ಹಾಗೆಯೇ ಇರುವುದಿಲ್ಲ.

ಮರವನ್ನು ಕಡಿದು ನೂರು ವರ್ಷವಾದರೂ ಅದು ಗಾಳಿಯ ತೇವ ಹೀರುವುದನ್ನೂ ಬಿಡುವುದನ್ನೂ ನಿಲ್ಲಿಸುವುದಿಲ್ಲ. ಕಾಫಿ ಬೆಳೆಗಾರರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಕಣದಲ್ಲಿ ಹದವಾಗಿ ಒಣಗಿಸಿದ ಪಾರ್ಚ್‌ಮೆಂಟನ್ನು (ತೆಳು ಹೊಟ್ಟು ಬಿಡಿಸದ ಕಾಫಿ ಬೀಜವನ್ನು) ಮಳೆಗಾಲದ ಗೋದಾಮಿನಲ್ಲಿಟ್ಟರೆ ತೇವಾಂಶ ಮಾಪಕದ ಅಂಕಿ ತಾನಾಗಿಯೇ ಏರುತ್ತದೆ. ಮರದ್ದೂ ಅದೇ ಲೆಕ್ಕ. ಗಾಳಿಯ ಸಾಪೇಕ್ಷ ಆರ್ದ್ರತೆ ಶೇ. 50 ಇದ್ದಾಗ ಮರದ ತೇವಾಂಶ ಸುಮಾರು ಶೇ. 9ಕ್ಕೆ ಬಂದು ನಿಲ್ಲುತ್ತದೆ, ಆರ್ದ್ರತೆ ಶೇ. 80 ಆದರೆ ಅದು 16ರ ಆಸುಪಾಸಿಗೆ ಏರುತ್ತದೆ.

ತೇವ ಕುಡಿದ ಮರ ನಾರಿನ ಉದ್ದಕ್ಕೆ ಹಿಗ್ಗುವುದು ಇಲ್ಲವೆನ್ನುವಷ್ಟು ಕಡಿಮೆ, ಹಿಗ್ಗುವುದೆಲ್ಲ ಅಡ್ಡಕ್ಕೆ. ಮ್ಯಾಂಡೊಲಿನ್ನಿನ ಮೇಲ್ಹಲಗೆಗೆ ಸಾಮಾನ್ಯವಾಗಿ ಸ್ಪ್ರೂಸ್ ಮರ ಬಳಸುತ್ತಾರೆ. 25 ಸೆಂಟಿಮೀಟರ್ ಅಗಲದ ಹಲಗೆಯನ್ನು ಬಿಡಿಯಾಗಿಟ್ಟರೆ, ತೇವಾಂಶ 10ರಿಂದ 16ಕ್ಕೆ ಏರುವಷ್ಟರಲ್ಲಿ ಅದು ಎರಡು ಮಿಲಿಮೀಟರಿನಷ್ಟು ಅಗಲವಾಗುತ್ತದೆ. ಆದರೆ ವಾದ್ಯದಲ್ಲಿ ಅದರ ಅಂಚುಗಳನ್ನು ಸುತ್ತಲೂ ಅಂಟಿಸಿರುತ್ತಾರೆ. ಪಕ್ಕಕ್ಕೆ ಹೋಗಲು ಜಾಗವಿಲ್ಲದೆ ಹಲಗೆ ಮೇಲಕ್ಕೆ ಉಬ್ಬುತ್ತದೆ, ತಂತಿಗಳೂ ಮೇಲೇಳುತ್ತವೆ. ಬೇಸಿಗೆಯಲ್ಲಿ ಕುಗ್ಗುವಾಗಲೂ ಅಂಚು ಬಿಡುವುದಿಲ್ಲ. ಆಗ ಹಲಗೆ ನಾರಿನ ಗುಂಟ ಸೀಳುತ್ತದೆ. ಕೊಳ್ಳುವವರು ಎಡವುವುದು ಇಲ್ಲಿಯೇ. ಬೇಸಿಗೆಯ ಕೂದಲೆಳೆ ಬಿರುಕು ಜುಲೈಯಲ್ಲಿ ಮರ ಹಿಗ್ಗಿ ಮುಚ್ಚಿಕೊಂಡಿರುತ್ತದೆ. ಮಳೆಗಾಲದಲ್ಲಿ ನೋಡಿ ‘ಬಿರುಕಿಲ್ಲ’ ಎಂದರೆ ಆ ಮಾತಿಗೆ ಹೆಚ್ಚಿನ ಬೆಲೆಯಿಲ್ಲ.

‘ಬೀರುವಿನಿಂದ ಹೊರಗೇ ತೆಗೆದಿಲ್ಲ, ಹೊಸದರಂತೆ ಇದೆ’ ಎಂಬ ಮಾತು ಕೇಳಿದರೆ ನನಗೆ ಭಯವೇ ಹೆಚ್ಚು. ಎರಡೆರಡರ ಜೋಡಿಯಲ್ಲಿ ಕಟ್ಟಿದ ಎಂಟು ಉಕ್ಕಿನ ತಂತಿಗಳು ಒಟ್ಟಾರೆ 65ರಿಂದ 80 ಕಿಲೋ ತೂಕದಷ್ಟು ಸೆಳೆತವನ್ನು ಆ ಪುಟ್ಟ ಪೆಟ್ಟಿಗೆಯ ಮೇಲೆ ಹೇರುತ್ತವೆ. ಬೀರುವಿನಲ್ಲಿದ್ದರೂ ಶ್ರುತಿಯಲ್ಲಿರುವ ತಂತಿಗೆ ಬಿಡುವಿಲ್ಲ. ಹೊರೆ ಹೊತ್ತ ಮರ ವರ್ಷಗಟ್ಟಲೆಯಲ್ಲಿ ನಿಧಾನವಾಗಿ ಬಾಗುತ್ತದೆ, ಹೊರೆ ಇಳಿಸಿದರೂ ಪೂರ್ತಿ ಹಿಂದಿರುಗುವುದಿಲ್ಲ. ಇನ್ನೊಂದು ಸಂಗತಿ ಕೊಡಗಿಗೆ ಹೇಳಿ ಮಾಡಿಸಿದಂತಿದೆ: ಒಂದೇ ಸಮನೆ ತೇವದಲ್ಲಿರುವ ಮರಕ್ಕಿಂತ, ಹೊರೆ ಹೊತ್ತುಕೊಂಡೇ ಮತ್ತೆ ಮತ್ತೆ ನೆನೆದು ಒಣಗುವ ಮರ ಹೆಚ್ಚು ಬಾಗುತ್ತದೆ. ವರ್ಷಕ್ಕೊಂದು ಮಳೆಗಾಲ, ಒಂದು ಬೇಸಿಗೆ ಎಂದು ಎಣಿಸಿದರೆ ಬೀರುವಿನ ವಾದ್ಯ ಅನುಭವಿಸಿದ್ದು ಕಡಿಮೆಯೇನಲ್ಲ. ಹಳೆಯ ವಾದ್ಯಗಳ ಪ್ರಾಣಿಜನ್ಯ ಅಂಟು ತೇವ ಮತ್ತು ಶಾಖಕ್ಕೆ ಮೆತ್ತಗಾಗುವುದು ಬೇರೆ.

ಆದ್ದರಿಂದ ಮೊದಲ ಪರೀಕ್ಷೆ ಕತ್ತಿನದು. ಅದಕ್ಕೆ ಬೇಕಾದ ಅಳತೆಪಟ್ಟಿ ವಾದ್ಯದಲ್ಲೇ ಇದೆ. ಬಿಗಿದ ತಂತಿಗಿಂತ ನೇರವಾದದ್ದು ಇನ್ನೇನಿದೆ? ಕತ್ತಿನ ಮೇಲೆ ಅಡ್ಡಕ್ಕೆ ಕೂರಿಸಿದ ಲೋಹದ ಪಟ್ಟಿಗಳೇ ಮೆಟ್ಟಿಲುಗಳು. ಒಂದು ತಂತಿಯನ್ನು ಮೊದಲ ಮೆಟ್ಟಿಲಿನ ಮೇಲೂ ಕೊನೆಯ ಮೆಟ್ಟಿಲಿನ ಮೇಲೂ ಒಟ್ಟಿಗೆ ಒತ್ತಿ ಹಿಡಿದು ನಡುವಿನ ಮೆಟ್ಟಿಲನ್ನು ನೋಡಿ. ತೆಳು ಕಾಗದ ತೂರುವಷ್ಟು ಸಂದು ಇರಬೇಕಾದದ್ದೇ. ಅದು ಒಂದು ಮಿಲಿಮೀಟರನ್ನು ಸಮೀಪಿಸಿದ್ದರೆ ಕತ್ತು ಬಾಗಿದೆ. ಒಳಗೆ ತಿರುಪಿನಿಂದ ಬಿಗಿಯುವ ಉಕ್ಕಿನ ಸರಳು ಇದ್ದರೆ ಸ್ವಲ್ಪ ಸರಿಪಡಿಸಬಹುದು. ಅಗ್ಗದ ವಾದ್ಯಗಳಲ್ಲಿ ಅದು ಅನೇಕ ಸಲ ಇರುವುದಿಲ್ಲ. ಕತ್ತು ಪೆಟ್ಟಿಗೆಗೆ ಸೇರುವ ಜಾಗದಲ್ಲಿ ಹೊಸ ಗೆರೆಯೊಂದು ಬಾಯ್ದೆರೆದಿದ್ದರೆ ಚೌಕಾಸಿಗೂ ಇಳಿಯಬೇಡಿ. ಆ ರಿಪೇರಿಯ ಖರ್ಚು ವಾದ್ಯದ ಬೆಲೆಯನ್ನೇ ಮೀರಬಹುದು.

ಇದಕ್ಕೆ ಹೋಲಿಸಿದರೆ ಶ್ರುತಿದೋಷ ಹೆದರುವಂಥದ್ದಲ್ಲ. ಹನ್ನೆರಡನೆಯ ಮೆಟ್ಟಿಲು ತಂತಿಯ ಉದ್ದವನ್ನು ಅರ್ಧ ಮಾಡುತ್ತದೆ. ಕಂಪನ ಇಮ್ಮಡಿಯಾಗಿ 440 ಹರ್ಟ್ಸಿನ ತಂತಿ 880ಕ್ಕೆ ನುಡಿಯಬೇಕು. ಅಲ್ಲಿ ಒತ್ತಿದಾಗ ಸ್ವರ ಏರಿ ನಿಂತರೆ ಕುದುರೆಯನ್ನು (ಮೇಲ್ಹಲಗೆಯ ಮೇಲೆ ತಂತಿಗಳನ್ನು ಹೊತ್ತು ನಿಂತ ಆಸರೆಯನ್ನು) ಕೂದಲಷ್ಟು ಹಿಂದಕ್ಕೆ ಸರಿಸಿ ನೋಡಿ. ಮ್ಯಾಂಡೊಲಿನ್ನಿನ ಕುದುರೆಗೆ ಅಂಟು ಹಾಕಿರುವುದಿಲ್ಲ, ತಂತಿಗಳ ಒತ್ತಡವೇ ಅದನ್ನು ಹಿಡಿದಿಟ್ಟಿರುತ್ತದೆ. ತುಕ್ಕು ಹಿಡಿದ ತಂತಿಯನ್ನು ಮಾತ್ರ ನಂಬಬೇಡಿ. ಅದರ ತೂಕ ಎಲ್ಲೆಡೆ ಸಮನಾಗಿರುವುದಿಲ್ಲವಾದ್ದರಿಂದ ಅದು ಎಷ್ಟು ತಿರುಚಿದರೂ ಶ್ರುತಿಗೆ ನಿಲ್ಲದು. ಜೋಡಿಯ ಒಂದು ತಂತಿ 440, ಇನ್ನೊಂದು 442 ಎಂದಾದರೆ ಸೆಕೆಂಡಿಗೆ ಎರಡು ಬಾರಿ ನಾದ ಏರಿಳಿಯುವುದು ಕಿವಿಗೇ ಗೊತ್ತಾಗುತ್ತದೆ. ಹೊಸ ತಂತಿಗಳ ಒಂದು ಸೆಟ್ ಜೇಬಿನಲ್ಲಿ ಒಯ್ದು, ಮಾಲೀಕರ ಒಪ್ಪಿಗೆ ಕೇಳಿ, ಒಂದು ಜೋಡಿಯನ್ನಾದರೂ ಬದಲಿಸಿ ನುಡಿಸುವುದು ಮೇಲು. ಸವೆದ ಮೆಟ್ಟಿಲು, ಸಡಿಲ ಬಿರಡೆ ಇವೆಲ್ಲ ಬೆಲೆ ಇಳಿಸಲು ಒದಗುವ ನೆಪಗಳು, ಬೇಡವೆನ್ನಲು ಕಾರಣಗಳಲ್ಲ.

ಕರ್ನಾಟಕ ಸಂಗೀತಕ್ಕಾಗಿಯೇ ಕೊಳ್ಳುವವರು ಬಹುಶಃ ಹುಡುಕುತ್ತಿರುವುದು ಬೇರೆಯದನ್ನು. ಮ್ಯಾಂಡೊಲಿನ್ ವಿದ್ವಾಂಸ ಯು. ಶ್ರೀನಿವಾಸ್ (1969–2014) ಗಮಕಗಳನ್ನು ಹೊರಡಿಸಿದ್ದು ಜೋಡಿ ತಂತಿಗಳನ್ನು ಬಿಟ್ಟು, ಐದು ಒಂಟಿ ತಂತಿಗಳ ವಿದ್ಯುತ್ ಮ್ಯಾಂಡೊಲಿನ್ನಿನಲ್ಲಿ. ಒಳಗೆ ಟೊಳ್ಳಿಲ್ಲದ, ಇಡೀ ಮರದ ಅಂಥ ವಾದ್ಯದಲ್ಲಿ ಉಬ್ಬಿ ಸೀಳುವ ತೆಳು ಹಲಗೆಯೇ ಇಲ್ಲ. ಕತ್ತಿನ ಪರೀಕ್ಷೆ ಅದಕ್ಕೂ ತಪ್ಪದು. ಉಳಿದಂತೆ ಒಳಗಿನ ಬೆಸುಗೆಗಳಿಗೆ ಹಸಿರು ಕಿಲುಬು ಹಿಡಿದಿದೆಯೇ, ಧ್ವನಿಯ ಗುಂಡಿ ತಿರುಗಿಸುವಾಗ ಆಂಪ್ಲಿಫೈಯರಿನಲ್ಲಿ ಕರಕರ ಸದ್ದು ಬರುತ್ತದೆಯೇ ಎಂದು ನೋಡಿದರೆ ಸಾಕು. ಆ ಸದ್ದು ಗುಂಡಿಯನ್ನು ಸ್ವಚ್ಛಗೊಳಿಸಿದರೆ ಬಹಳಷ್ಟು ಸಲ ಹೋಗುತ್ತದೆ.