ಸಿಸೇರಿಯನ್ ವೇಳೆ ಬೆನ್ನಿಗೆ ಕೊಟ್ಟ ಇಂಜೆಕ್ಷನ್‌ನಿಂದ ಕಾಯಂ ಸೊಂಟನೋವು ಬರುತ್ತದೆಯೇ?

ಪ್ರಶ್ನೆ: ನನಗೆ ಸಿಸೇರಿಯನ್ ಆಗಿ 26 ವರ್ಷಗಳಾದವು. ಆಗ ಬೆನ್ನಿಗೆ ಕೊಟ್ಟ ಇಂಜೆಕ್ಷನ್‌ನಿಂದಾಗಿ ಇಂದಿಗೂ ಸೊಂಟ ನೋಯುತ್ತದೆ. ಈಗ ಮಗಳಿಗೆ ಎಂಟು ತಿಂಗಳು ತುಂಬಿದೆ, ಅವಳಿಗೂ ಸಿಸೇರಿಯನ್ ಬೇಕಾಗಬಹುದೆಂದು ಡಾಕ್ಟರು ಹೇಳಿದ್ದಾರೆ. ಪೂರ್ತಿ ಪ್ರಜ್ಞೆ ತಪ್ಪಿಸಿಯೇ ಮಾಡಿ ಎಂದು ಕೇಳಿಕೊಳ್ಳಬಹುದೇ?
– ಗೃಹಿಣಿ, ಡೊಂಬಿವಲಿ

ಉತ್ತರ: ಆ ಇಂಜೆಕ್ಷನ್‌ನಿಂದ ಕಾಯಂ ಸೊಂಟನೋವು ಬರುವುದಿಲ್ಲ, ಆ ಭಯವೊಂದರಿಂದಲೇ ಮಗಳಿಗೆ ಪೂರ್ಣ ಅರಿವಳಿಕೆ ಕೇಳುವುದೂ ಸರಿಯಲ್ಲ. ಮುಂಬಯಿಯಲ್ಲಿ ಅರಿವಳಿಕೆ ವೈದ್ಯನಾಗಿ ದುಡಿಯುವ ನನಗೆ ಕನ್ನಡ, ತುಳು, ಮರಾಠಿ ಎಂಬ ಭೇದವಿಲ್ಲದೆ ಎಲ್ಲ ಮನೆಗಳವರೂ ಕೇಳುವ ಪ್ರಶ್ನೆ ಇದು.

ಸೂಜಿ ಎಲುಬನ್ನು ಕೊರೆದುಕೊಂಡು ಹೋಗುತ್ತದೆಂಬ ಕಲ್ಪನೆಯಿಂದಲೇ ಅರ್ಧ ಭಯ ಹುಟ್ಟುತ್ತದೆ. ವಾಸ್ತವದಲ್ಲಿ ಅದು ಸೊಂಟದ ಎರಡು ಕಶೇರುಗಳ, ಅಂದರೆ ಬೆನ್ನೆಲುಬಿನ ಮಣಿಗಳ, ನಡುವಿನ ಸಂದಿಯಲ್ಲಿ ಸಾಗುತ್ತದೆ. ವಯಸ್ಕರಲ್ಲಿ ಬೆನ್ನುಹುರಿ ಸಾಮಾನ್ಯವಾಗಿ ಸೊಂಟದ ಮೊದಲನೆಯ ಅಥವಾ ಎರಡನೆಯ ಕಶೇರುವಿನ ಮಟ್ಟದಲ್ಲೇ ಮುಗಿಯುವುದರಿಂದ, ಅದಕ್ಕಿಂತ ಕೆಳಗೆ, ನರಗಳು ದ್ರವದಲ್ಲಿ ತೇಲಾಡುವ ಜಾಗದಲ್ಲಿ ನಾವು ಚುಚ್ಚುತ್ತೇವೆ. ಸೂಜಿಯ ದಪ್ಪ ಸುಮಾರು ಅರ್ಧ ಮಿಲಿಮೀಟರ್. ರಕ್ತಪರೀಕ್ಷೆಗೆ ತೋಳಿಗೆ ಚುಚ್ಚುವ ಸೂಜಿ ಇದಕ್ಕಿಂತ ದಪ್ಪ. ಮೇಜಿನ ಅಂಚಿನಲ್ಲಿ ಕಾಲು ಇಳಿಬಿಟ್ಟು, ದಿಂಬನ್ನು ಅವಚಿಕೊಂಡು ಕುಳಿತ ಗರ್ಭಿಣಿಗೆ ನರ್ಸ್ 'ಪಾಠ್ ಬಾಹೇರ್ ಕಾಢಾ' ಎನ್ನುತ್ತಾಳೆ, ಅಂದರೆ ಬೆನ್ನನ್ನು ಹೊರಕ್ಕೆ ಬಾಗಿಸಬೇಕು. ಬಾಗಿಸಿದಷ್ಟೂ ಸಂದಿ ತೆರೆದುಕೊಳ್ಳುತ್ತದೆ. ಸೂಜಿಯ ಹಿಂತುದಿಯಲ್ಲಿ ನೀರಿನಂತೆ ತಿಳಿಯಾದ ಒಂದು ಹನಿ ಮೂಡಿತೆಂದರೆ ಜಾಗ ಸಿಕ್ಕಿತೆಂದು ಅರ್ಥ. ಸಿಸೇರಿಯನ್‌ಗೆ ಎರಡು ಮಿಲಿಲೀಟರ್‌ನಷ್ಟು ಬುಪಿವಕೇನ್ ಎಂಬ ಮರಗಟ್ಟಿಸುವ ಔಷಧ ಸಾಕು. ಅದಕ್ಕೆ ಸಕ್ಕರೆಯ ಅಂಶ ಬೆರೆಸಿರುವುದರಿಂದ ಅದು ಒಳಗಿನ ದ್ರವಕ್ಕಿಂತ ಭಾರವಾಗಿ, ಮೇಜನ್ನು ವಾಲಿಸಿದ ಕಡೆಗೆ ಇಳಿಯುತ್ತದೆ. ಮೊದಲು ಪಾದ ಬೆಚ್ಚಗಾಗಿ, ಕಾಲು ಭಾರವಾಗಿ, ಕೆಲವೇ ನಿಮಿಷಗಳಲ್ಲಿ ಹೊಟ್ಟೆಯವರೆಗೆ ಮರಗಟ್ಟುತ್ತದೆ. ಮುಟ್ಟಿದ್ದು, ಎಳೆದದ್ದು ತಿಳಿಯಬಹುದು, ನೋವು ತಿಳಿಯುವುದಿಲ್ಲ.

ಹಾಗಾದರೆ ಇಷ್ಟೊಂದು ತಾಯಂದಿರ ಸೊಂಟ ಏಕೆ ನೋಯುತ್ತದೆ? ಚುಚ್ಚಿದ ಜಾಗ ಕೆಲವು ದಿನ ನೋಯುವುದು ನಿಜ, ಆದರೆ ಅದು ಅಲ್ಲಿಗೇ ಮುಗಿಯುತ್ತದೆ. ಸಹಜ ಹೆರಿಗೆಯಾಗಿ ಬೆನ್ನಿಗೆ ಸೂಜಿಯನ್ನೇ ಕಾಣದವರಿಗೂ ಇದೇ ಸೊಂಟನೋವು ಕಾಡುತ್ತದೆಂಬುದನ್ನು ಗಮನಿಸಿ. ಗರ್ಭ ಬೆಳೆದಂತೆ ದೇಹದ ಭಾರ ಮುಂದಕ್ಕೆ ವಾಲಿ ಸೊಂಟ ಒಳಬಾಗುತ್ತದೆ, ಹಾರ್ಮೋನುಗಳು ಕಟಿಯ ಮೂಳೆಗಳನ್ನು ಹಿಡಿದಿಡುವ ಅಸ್ಥಿರಜ್ಜುಗಳನ್ನು ಸಡಿಲಿಸುತ್ತವೆ, ಹೊಟ್ಟೆಯ ಸ್ನಾಯುಗಳು ಹಿಗ್ಗಿ ಸೋಲುತ್ತವೆ. ಹೆರಿಗೆಯ ನಂತರ ಮಗುವಿನತ್ತ ಬಾಗಿ ಹಾಲೂಡಿಸುವುದು, ನಿದ್ದೆಗೆಡುವುದು, ಮಗುವನ್ನು ಎತ್ತಿಕೊಂಡೇ ಮನೆಗೆಲಸ ಮಾಡುವುದು ಇದ್ದೇ ಇದೆ. ಬಾಣಂತಿಯನ್ನು ತಿಂಗಳುಗಟ್ಟಲೆ ಹಾಸಿಗೆಯಿಂದ ಏಳಗೊಡದ ನಮ್ಮ ಪದ್ಧತಿಯೂ ಸೋತ ಸ್ನಾಯುಗಳನ್ನು ಇನ್ನಷ್ಟು ಸೋಲಿಸುತ್ತದೆಂದು, ಹಿರಿಯರ ಕ್ಷಮೆ ಕೇಳಿಯೇ, ಹೇಳುತ್ತೇನೆ. ಇವೆಲ್ಲವೂ ಮರೆತುಹೋಗಿ ನೆನಪಿನಲ್ಲಿ ಉಳಿಯುವುದು ಸೂಜಿಯೊಂದೇ.

ಸೂಜಿಯ ಮೇಲೆ ನ್ಯಾಯವಾಗಿ ಹೊರಿಸಬಹುದಾದ ದೂರು ಬೇರೆ ಇದೆ, ಅದು ತಲೆನೋವು. 1898ರಲ್ಲಿ ಜರ್ಮನಿಯ ಕೀಲ್ ನಗರದಲ್ಲಿ ಆಗಸ್ಟ್ ಬಿಯರ್ ಎಂಬ ಶಸ್ತ್ರವೈದ್ಯ ಕೊಕೇನ್ ಬಳಸಿ ಈ ವಿಧಾನವನ್ನು ಮೊದಲು ಪ್ರಯೋಗಿಸಿದಾಗ, ತನ್ನ ಬೆನ್ನಿಗೂ ಸಹಾಯಕನಿಂದ ಸೂಜಿ ಹಾಕಿಸಿಕೊಂಡ. ಸಿರಿಂಜು ಸೂಜಿಗೆ ಕೂಡದೆ ಬೆನ್ನೊಳಗಿನ ದ್ರವ ಬಹಳಷ್ಟು ಸೋರಿತು, ಮುಂದಿನ ಒಂಬತ್ತು ದಿನ ಅವನಿಗೆ ತಲೆ ಎತ್ತಲಾಗಲಿಲ್ಲ. ಕುಳಿತರೆ ಹೆಚ್ಚಿ ಮಲಗಿದರೆ ಇಳಿಯುವ ಆ ತಲೆನೋವು ಇಂದಿನ ತೆಳು ಸೂಜಿಗಳಿಂದ ಬಹಳ ಕಡಿಮೆಯಾಗಿದೆ, ಬಂದರೂ ಚಿಕಿತ್ಸೆಯಿದೆ. ರಕ್ತದೊತ್ತಡ ಇಳಿಯುವುದು, ವಾಂತಿ, ನಡುಕ ಇವನ್ನು ಮೇಜಿನ ಮೇಲೆಯೇ ಸರಿಪಡಿಸುತ್ತೇವೆ. ಸೋಂಕು, ರಕ್ತ ಹೆಪ್ಪುಗಟ್ಟುವುದು, ನರಕ್ಕೆ ಪೆಟ್ಟು ಅತಿ ವಿರಳ. ಆದರೂ ಹೆರಿಗೆಯ ನಂತರ ಜ್ವರದೊಡನೆ ಬೆನ್ನುನೋವು ಬಂದರೆ ಅಥವಾ ಕಾಲಿನ ಬಲ ಮರಳದಿದ್ದರೆ ಕೂಡಲೇ ಆಸ್ಪತ್ರೆಗೆ ತಿಳಿಸಬೇಕು.

ಪ್ರಜ್ಞೆ ತಪ್ಪಿಸಿದರೆ ಇದಕ್ಕಿಂತ ದೊಡ್ಡ ಅಪಾಯಗಳಿಗೆ ದಾರಿಯಾಗುತ್ತದೆ. ಗರ್ಭಿಣಿಯ ಹೊಟ್ಟೆಯಲ್ಲಿರುವುದು ಸುಲಭವಾಗಿ ಮೇಲೆ ಬಂದು ಶ್ವಾಸಕೋಶ ಸೇರಬಹುದು, ಊದಿಕೊಂಡ ಗಂಟಲಿನಲ್ಲಿ ಉಸಿರಿನ ನಳಿಗೆ ಹಾಕುವುದು ಕಷ್ಟವಾಗಬಹುದು, ಔಷಧ ಮಗುವಿಗೂ ತಲುಪುತ್ತದೆ. ಮಗಳು ರಕ್ತ ತೆಳುವಾಗಿಸುವ ಔಷಧ ತೆಗೆದುಕೊಳ್ಳುತ್ತಿದ್ದರೆ, ಪ್ಲೇಟ್‌ಲೆಟ್ ಸಂಖ್ಯೆ ತೀರಾ ಇಳಿದಿದ್ದರೆ ಅಥವಾ ಚುಚ್ಚುವ ಜಾಗದಲ್ಲಿ ಸೋಂಕಿದ್ದರೆ ಮಾತು ಬೇರೆ. ಇವನ್ನು ಅರಿವಳಿಕೆ ವೈದ್ಯರಿಗೆ ಮೊದಲೇ ತಿಳಿಸಿ.

ಇನ್ನು ನಿಮ್ಮ ಸೊಂಟ. 26 ವರ್ಷದಿಂದ ತಪ್ಪನ್ನೆಲ್ಲ ಇಂಜೆಕ್ಷನ್ ಮೇಲೆ ಹೊರಿಸಿದ್ದರಿಂದ ನೋವಿನ ನಿಜವಾದ ಕಾರಣವನ್ನು ಯಾರೂ ಹುಡುಕದೆ ಹೋಗಿರಬಹುದು. ಮಗಳ ಹೆರಿಗೆಯಾಗಿ ಮೊಮ್ಮಗುವನ್ನು ಎತ್ತುವ ಕೆಲಸ ನಿಮ್ಮ ಪಾಲಿಗೆ ಬರುವ ಮೊದಲು ಒಮ್ಮೆ ಮೂಳೆ ತಜ್ಞರಿಗೆ ತೋರಿಸಿಕೊಳ್ಳಿ.