ಕೂಲಿಯ ಬೆಲೆ ಏರಿಸಿದ ಚಿಗಟ

ನಮ್ಮ ಹಲ್ಲಿನ ಒಳಗೆ ಮೆತ್ತಗಿನ ತಿರುಳಿದೆ. ಅದರಲ್ಲಿ ರಕ್ತ ಹರಿಯುತ್ತಿರುತ್ತದೆ. ಸತ್ತ ಮೇಲೆ ಅದು ಒಣಗಿ, ಹಲ್ಲಿನ ಗಟ್ಟಿ ಕವಚದೊಳಗೆ ನೂರಾರು ವರ್ಷ ಉಳಿದುಬಿಡಬಹುದು. ಲಂಡನ್ನಿನ ಈಸ್ಟ್ ಸ್ಮಿತ್‌ಫೀಲ್ಡ್‌ನಲ್ಲಿ 1348–49ರಲ್ಲಿ ಹೂಳಿದವರ ಹಲ್ಲುಗಳನ್ನು ವಿಜ್ಞಾನಿಗಳು ಕೊರೆದು ನೋಡಿದರು. ಒಂದು ಬ್ಯಾಕ್ಟೀರಿಯಾದ ಡಿಎನ್‌ಎ ಚೂರುಗಳು ಸಿಕ್ಕವು. ಅವನ್ನು ಜೋಡಿಸಿ, 2011ರಲ್ಲಿ ಅದರ ಜೀನೋಮ್, ಅಂದರೆ ಡಿಎನ್‌ಎಯ ಪೂರ್ತಿ ಬರಹ, ಪ್ರಕಟಿಸಿದರು. ಅದು ಯೆರ್ಸೀನಿಯಾ ಪೆಸ್ಟಿಸ್, ಅಂದರೆ ಪ್ಲೇಗಿನ ರೋಗಾಣು.

ಮಧ್ಯಯುಗದ ಯುರೋಪ್ ಅಂದರೆ ನಾವು ಓದಿದ್ದು ಧರ್ಮಯುದ್ಧಗಳು, ಮ್ಯಾಗ್ನಾ ಕಾರ್ಟಾ, ಕಾನ್‌ಸ್ಟಾಂಟಿನೋಪಲ್ ಬಿದ್ದದ್ದು. ಅವೆಲ್ಲ ದೊಡ್ಡ ತಿರುವುಗಳೇ. ಆದರೆ ಸಾಮಾನ್ಯ ರೈತನ ಬದುಕನ್ನು ಬುಡಸಮೇತ ಅಲ್ಲಾಡಿಸಿದ್ದು, ನನ್ನ ಪ್ರಕಾರ, ಈ ರೋಗಾಣು. 1347ರ ಅಕ್ಟೋಬರ್‌ನಲ್ಲಿ ಕಪ್ಪು ಸಮುದ್ರದ ಕಡೆಯಿಂದ ಇಟಲಿಯ ಜಿನೋವಾದವರ ಹಡಗುಗಳು ಸಿಸಿಲಿಯ ಮೆಸ್ಸಿನಾ ಬಂದರಿಗೆ ಬಂದವು. ಅವುಗಳ ಜೊತೆ ರೋಗವೂ ಇಳಿಯಿತು. ಮುಂದಿನ ಐದಾರು ವರ್ಷಗಳಲ್ಲಿ ಯುರೋಪಿನ ಮೂರನೇ ಒಂದು ಭಾಗಕ್ಕೂ ಜಾಸ್ತಿ ಜನ ಸತ್ತರು. ಕೆಲವು ಊರುಗಳಲ್ಲಿ ಅರ್ಧಕ್ಕರ್ಧ ಜನ ಉಳಿಯಲಿಲ್ಲ.

ಈ ರೋಗಾಣು ಹರಡುವ ಬಗೆ ನಿಜಕ್ಕೂ ಭಯ ಹುಟ್ಟಿಸುತ್ತದೆ. ಚಿಗಟ ಕಾಯಿಲೆ ಬಿದ್ದ ಇಲಿಯ ರಕ್ತ ಕುಡಿಯುತ್ತದೆ. ರೋಗಾಣು ಚಿಗಟದ ಅನ್ನನಾಳದ ಕೊನೆಯಲ್ಲಿ ಬೆಳೆದು, ಅಂಟಂಟಾದ ಮುದ್ದೆಯಾಗಿ ದಾರಿ ಮುಚ್ಚುತ್ತದೆ. ಕುಡಿದ ರಕ್ತ ಹೊಟ್ಟೆಗೆ ಇಳಿಯುವುದೇ ಇಲ್ಲ. ಹಸಿವು ತಾಳಲಾರದೆ ಚಿಗಟ ಮತ್ತೆ ಮತ್ತೆ ಕಚ್ಚುತ್ತದೆ. ಪ್ರತಿ ಸಲವೂ ಗಂಟಲಲ್ಲಿ ನಿಂತ ರಕ್ತ ರೋಗಾಣುವಿನ ಸಮೇತ ಗಾಯದೊಳಕ್ಕೆ ವಾಪಸ್ ಬರುತ್ತದೆ. ಇಲಿಗಳು ಸತ್ತ ಮೇಲೆ ಚಿಗಟಕ್ಕೆ ಸಿಗುವುದು ಮನುಷ್ಯ. ಆಮೇಲೆ ಕಂಕುಳು, ತೊಡೆಸಂದಿಯಲ್ಲಿ ಗಡ್ಡೆ, ಜ್ವರ, ಕೆಲವೇ ದಿನಗಳಲ್ಲಿ ಸಾವು. ರೋಗ ಶ್ವಾಸಕೋಶಕ್ಕೆ ಇಳಿದರೆ ಚಿಗಟವೂ ಬೇಕಿಲ್ಲ, ಕೆಮ್ಮಿದರೆ ಸಾಕು.

ಆಗಿನವರಿಗೆ ಇದ್ಯಾವುದೂ ತಿಳಿದಿರಲಿಲ್ಲ. ಗ್ರಹಗತಿ, ಕೆಟ್ಟ ಗಾಳಿ ಅಂದುಕೊಂಡರು. ಯೆಹೂದಿಗಳು ಬಾವಿಗೆ ವಿಷ ಹಾಕಿದ್ದಾರೆಂಬ ಸುಳ್ಳು ಹಬ್ಬಿತು. ಸ್ಟ್ರಾಸ್‌ಬರ್ಗ್‌ನಲ್ಲಿ 1349ರ ಫೆಬ್ರವರಿಯಲ್ಲಿ ನೂರಾರು ಯೆಹೂದಿಗಳನ್ನು ಸುಟ್ಟು ಕೊಂದರು. ರೋಗಾಣು ಪತ್ತೆಯಾಗಿದ್ದು 1894ರಲ್ಲಿ, ಹಾಂಗ್‌ಕಾಂಗ್‌ನಲ್ಲಿ. ಆ ಹೊತ್ತಿಗೆ ಎದ್ದಿದ್ದ ಪ್ಲೇಗ್ ಅಲೆಯೇ 1898ರಲ್ಲಿ ಬೆಂಗಳೂರಿಗೂ ಬಂತು. ಇಕ್ಕಟ್ಟಿಲ್ಲದ ಬಡಾವಣೆಗಳು ಬೆಳೆದದ್ದು ಅದಾದ ಮೇಲೆ; ಬಸವನಗುಡಿ, ಮಲ್ಲೇಶ್ವರದ ಅಗಲ ರಸ್ತೆಗಳ ಹಿಂದೆ ಆ ನೆನಪಿದೆ.

ಮತ್ತೆ ಇಂಗ್ಲೆಂಡಿಗೆ ಬರೋಣ. ಅಲ್ಲಿ ಬಹಳಷ್ಟು ಒಕ್ಕಲುಗಳು ಧಣಿಯ ಜಮೀನಿಗೆ ಕಟ್ಟುಬಿದ್ದವರು, ವಾರಕ್ಕಿಷ್ಟು ದಿನ ಬಿಟ್ಟಿ ಚಾಕರಿ ಮಾಡಬೇಕಾದವರು. ಪ್ಲೇಗ್ ಬಂದ ಮೇಲೆ ಹೊಲ ಹಾಗೇ ಇತ್ತು, ಕೈಗಳೇ ಇರಲಿಲ್ಲ. ಬದುಕಿ ಉಳಿದ ಆಳು ಮೊದಲ ಸಲ ಬಾಯಿಬಿಟ್ಟು ಹೆಚ್ಚು ಕೂಲಿ ಕೇಳಿದ. ಈ ಧಣಿ ಕೊಡದಿದ್ದರೆ ಪಕ್ಕದ ಊರಿನವನು ಕೊಡುತ್ತಿದ್ದ, ಅಲ್ವಾ? ಸರ್ಕಾರ ಗಾಬರಿಯಾಯಿತು. 1349ರಲ್ಲಿ ಒಂದು ಆಜ್ಞೆ, 1351ರಲ್ಲಿ ಒಂದು ಕಾನೂನು ಬಂತು. ಪ್ಲೇಗಿಗೆ ಮುಂಚೆ ಇದ್ದ ಕೂಲಿಗಿಂತ ಒಂದು ಕಾಸೂ ಜಾಸ್ತಿ ಕೇಳಬಾರದು, ಕೊಡಲೂಬಾರದು! ದಂಡ ಹಾಕಿದರು, ಜೈಲಿಗೂ ತಳ್ಳಿದರು. ಆದರೂ ಕೂಲಿ ಏರುತ್ತಲೇ ಹೋಯಿತು. 1381ರಲ್ಲಿ ತಲೆಗಂದಾಯದ ವಿರುದ್ಧ ರೈತರು ದಂಗೆ ಎದ್ದು ಲಂಡನ್ನಿಗೇ ನುಗ್ಗಿದರು. ದಂಗೆಯನ್ನು ಅಡಗಿಸಲಾಯಿತು. ಆದರೆ ಮುಂದಿನ ನೂರು ವರ್ಷಗಳಲ್ಲಿ ಅಲ್ಲಿ ಬಿಟ್ಟಿ ಚಾಕರಿ ಹೆಚ್ಚುಕಮ್ಮಿ ಮಾಯವಾಯಿತು.

ಎಲ್ಲ ಕಡೆ ಹೀಗಾಗಲಿಲ್ಲ. ಪೂರ್ವ ಯುರೋಪಿನಲ್ಲಿ ಮುಂದೆ ಧಣಿಗಳು ಒಕ್ಕಲುಗಳ ಮೇಲಿನ ಹಿಡಿತವನ್ನು ಇನ್ನಷ್ಟು ಬಿಗಿ ಮಾಡಿದರು. ರೋಗಾಣು ಅದೇ, ಫಲ ಬೇರೆ.

ಲಂಡನ್ನಿನ ಸ್ಮಶಾನಗಳಲ್ಲಿ ಪ್ಲೇಗಿಗೆ ಮುಂಚಿನ ಮೂಳೆಗಳನ್ನೂ ನಂತರದ ಮೂಳೆಗಳನ್ನೂ ಹೋಲಿಸಿ ನೋಡಿದ್ದಾರೆ. ನಂತರದವುಗಳಲ್ಲಿ ಮುದುಕರ ಮೂಳೆಗಳ ಪಾಲು ಮೊದಲಿಗಿಂತ ಜಾಸ್ತಿ, ಅಂದರೆ ಜನ ಹೆಚ್ಚು ಕಾಲ ಬದುಕುತ್ತಿದ್ದರು. ಮೊದಲೇ ಬಲಹೀನರಾಗಿದ್ದವರು ರೋಗಕ್ಕೆ ಹೆಚ್ಚಾಗಿ ತುತ್ತಾಗಿದ್ದರು ಅನ್ನುವುದು ಒಂದು ಕಾರಣ. ಉಳಿದವರ ಮಕ್ಕಳು, ಮೊಮ್ಮಕ್ಕಳು ಬೆಳೆದಿದ್ದು ಕೂಲಿ ಏರಿದ ಕಾಲದಲ್ಲಿ. ಅವರ ಊಟದಲ್ಲಿ ಒಳ್ಳೆಯ ರೊಟ್ಟಿ ಇತ್ತು, ಮೊದಲಿಗಿಂತ ಹೆಚ್ಚು ಮಾಂಸವೂ ಇತ್ತು.